ಹೊದ್ದುಕೊಂಡು ನಿಂತ ಬೀರು

ನಮ್ಮ ಪಕ್ಕದ ಮನೆಯ ಟೈಲರಮ್ಮನ ಅತ್ತೆ ತೀರಿಕೊಂಡು ವರ್ಷವಾಗಿತ್ತು. ಆದರೆ ಆ ಮನೆಯ ನಡುಕೋಣೆಗೆ ಕಾಲಿಟ್ಟರೆ ಸಾಕು, ಅವರು ಇನ್ನೂ ಅಲ್ಲೇ ಇದ್ದಾರೆ ಅನ್ನಿಸುತ್ತಿತ್ತು. ಅವರು ಸದಾ ಹೊದೆಯುತ್ತಿದ್ದ ಶಾಲಿನ ಅದೇ ಒದ್ದೆ ವಾಸನೆ.

ವಾಸನೆ ಬರುತ್ತಿದ್ದದ್ದು ಬೀರುವಿನಿಂದ. ಮರದ ಪುಡಿ ಒತ್ತಿ ಮಾಡಿದ ಹಲಗೆ, ಮೇಲೆ ಹೊಳೆಯುವ ಕಾಗದ. ಅತ್ತೆ ಕೊನೆಯದಾಗಿ ಕೊಂಡದ್ದು ಅದನ್ನೇ. ಬಚ್ಚಲ ಗೋಡೆಗೆ ಒತ್ತಿ ನಿಲ್ಲಿಸಿ, ಇದನ್ನು ಅಲುಗಾಡಿಸಬೇಡಿ ಅಂದಿದ್ದರಂತೆ. ಟೈಲರಮ್ಮನ ಗಂಡ ಬಸ್ ಡ್ರೈವರ್. ಅಮ್ಮನ ಆ ಮಾತಿಗೆ ಕಟ್ಟುಬಿದ್ದು, ದಿನಾ ಕೆಲಸ ಮುಗಿಸಿ ಬಂದವನು ಬೀರುವಿಗೆ ಒರಗಿ ಕೂರುತ್ತಿದ್ದ.

ಬೀರುವಿನ ಒಂದು ಮಗ್ಗುಲಲ್ಲಿ ಬೂದು ಕಲೆ ಎದ್ದಿತ್ತು. ಮೇಲೊಂದು ತಲೆ, ಕೆಳಗೆ ಬಾಗಿದ ಹೆಗಲು. ಟೈಲರಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತಿತ್ತು. ಎಂಟು ದಿನಕ್ಕೆ ಅದೇ ಜಾಗದಲ್ಲಿ ಅದೇ ತಲೆ, ಅದೇ ಹೆಗಲು, ಒಂದು ಬೆರಳು ಅಗಲ ಹೆಚ್ಚಾಗಿ. ಹೆದರಿ ಏನು ಮಾಡಿದಳು ಗೊತ್ತೇ? ಟೈಲರ್ ಅಲ್ಲವೇ, ದಪ್ಪ ಬಟ್ಟೆಯಲ್ಲಿ ಬೀರುವಿಗೆ ಮೈತುಂಬ ಗವಸು ಹೊಲಿದು ತೊಡಿಸಿದಳು. ಪಕ್ಕದಲ್ಲೇ ದಿನವಿಡೀ ನೀರು ಚಿಮುಕಿಸಿ ಇಸ್ತ್ರಿ. ಹೊಲಿದ ಬಟ್ಟೆಗೆ ಧೂಳು ಕೂರುತ್ತದೆ ಅಂತ ಕಿಟಕಿಯೂ ಮುಚ್ಚಿತ್ತು.

ಅವರ ಆರು ವರ್ಷದ ಮಗಳು ಶಾಲೆಯಿಂದ ಬಂದು ಅಲ್ಲೇ ಸ್ಪಂಜಿನ ಸೋಫಾದ ಮೇಲೆ ಮಲಗುತ್ತಿದ್ದಳು. ಒಂದು ಮಧ್ಯಾಹ್ನ ನಾನು ಅಳತೆ ಕೊಡಲು ಹೋದಾಗ ಮಗುವಿನ ಎದೆಯಿಂದ ಸುಯ್ ಎಂದು ಶಿಳ್ಳೆ ಕೇಳುತ್ತಿತ್ತು. ಕಣ್ಣು ಬಿಟ್ಟು ನನ್ನ ಹತ್ತಿರ ಮೆಲ್ಲಗೆ ಹೇಳಿದಳು: "ಅಜ್ಜಿ ಹೊದ್ಕೊಂಡು ನಿಂತಿದ್ದಾಳೆ. ನಾನು ಮಲಗಿದ್ರೆ ನನ್ನ ಉಸಿರು ತಗೋತಾಳೆ."

ಟೈಲರಮ್ಮನನ್ನು ವಿಚಾರಿಸಿದೆ. ಔಷಧಿ ಕೊಟ್ಟ ಡಾಕ್ಟರು, ಮನೆಯಲ್ಲೇ ಏನೋ ಇದೆ, ಹುಡುಕಿ ಅಂದಿದ್ದರಂತೆ. ಹುಡುಕುವವರು ಯಾರು? ಕಂಡವರ ಮನೆಗೆ ಮೂಗು ತೂರಿಸುವವಳು ಅಂತ ನನಗೆ ಹೇಗೂ ಹೆಸರಿದೆ. ನಮ್ಮಣ್ಣನನ್ನು ಕರೆತಂದೆ. ಅವನು ಬಡಗಿ. ಮುಟ್ಟುವ ಮೊದಲು ಮರವನ್ನು ಮೂಸುತ್ತಾನೆ, ಅದಕ್ಕೇ ಎಲ್ಲರಿಗೂ ಅವನು ಮೂಗು ಮೇಸ್ತ್ರಿ. ಬಾಗಿಲಲ್ಲೇ ಮೂಸಿ, ಬೂಷ್ಟು ಅಂದ.

ಡ್ರೈವರ್ ಅಡ್ಡ ನಿಂತ. "ಅದು ನಮ್ಮಮ್ಮನ ವಾಸನೆ. ಅದೂ ಹೋದ್ರೆ ನನಗೇನು ಉಳಿಯುತ್ತೆ?"

ಪಾಪ ಅನ್ನಿಸಿತು, ಸಿಟ್ಟೂ ಬಂತು. ಅಣ್ಣ ಮಾತ್ರ ತಣ್ಣಗೆ, "ಒಂದ್ಸಲ ಹಿಂದೆ ನೋಡೋಣಪ್ಪ. ಅಮ್ಮ ಇದ್ರೆ ಹಾಗೇ ಬಿಡ್ತೀನಿ" ಅಂದ. ಡ್ರೈವರ್ ಪಕ್ಕಕ್ಕೆ ಸರಿದ.

ಮಗುವನ್ನು ನಮ್ಮ ಮನೆಗೆ ಕಳಿಸಿ, ಕಿಟಕಿ ತೆರೆದು, ಮಾಸ್ಕ್ ಕಟ್ಟಿಕೊಂಡು, ಗವಸು ಬಿಚ್ಚಿ, ಇಬ್ಬರೂ ಬೀರು ಎಳೆದರು. ಹಿಂಬದಿಯ ಹಲಗೆ ನೆನೆದ ಬ್ರೆಡ್ಡಿನ ಹಾಗೆ ಉಬ್ಬಿತ್ತು. ಅದರ ಮೇಲೆ ಆಳೆತ್ತರಕ್ಕೆ ಕಪ್ಪು ರೋಮ. ಗೋಡೆಯ ಮೇಲೂ ಅದೇ ಆಕಾರ, ಇಬ್ಬರು ಎದುರುಬದುರು ನಿಂತ ಹಾಗೆ. ಒಳಗೆ ಅಮ್ಮನ ಶಾಲು ಹಸಿರುಗಟ್ಟಿತ್ತು. ಡ್ರೈವರ್ ಮುಟ್ಟಲು ಹೋಗಿ ಕೈ ಹಿಂದಕ್ಕೆ ತಗೊಂಡ.

"ಇದು ನಿಮ್ಮಮ್ಮ ಅಲ್ಲ," ಅಂದ ಅಣ್ಣ. "ನಿಮ್ಮಮ್ಮನ ಬಟ್ಟೆ ತಿಂತಿರೋದು ಇದು. ಮಗು ಎದೆಗೆ ಹೋಗ್ತಿರೋದೂ ಇದರ ಪುಡೀನೇ."

ಪುಡಿ ಹಲಗೆ, ಸ್ಪಂಜು ಎರಡೂ ತೇವ ಕುಡಿಯುತ್ತವಂತೆ. ಮೇಲೆ ಒರೆಸಿದರೆ ಒಳಗಿನದು ಹೋಗುವುದಿಲ್ಲ. ಅವೆರಡನ್ನೂ ಹೊರಗೆ ಹಾಕಿದರು. ಗೋಡೆಯೊಳಗೆ ಸೋರುತ್ತಿದ್ದ ಬಚ್ಚಲ ಪೈಪನ್ನು ಮೊದಲು ಸರಿಮಾಡಿಸಿ, ಗೋಡೆಯನ್ನು ಸೋಪು ನೀರಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿದರು. ಆಮೇಲೆ ಬಂತು ಕಾಲುಳ್ಳ ಉಕ್ಕಿನ ಬೀರು, ಗೋಡೆಯಿಂದ ಒಂದು ಗೇಣು ದೂರಕ್ಕೆ. ಸೋಫಾ ಇದ್ದಲ್ಲಿ ಒಣಗಿದ ಗಟ್ಟಿಮರದ ಮಂಚ, ತಳಕ್ಕೂ ಪಾಲಿಶ್ ಹೊಡೆದದ್ದು, ಬಿಸಿಲಿಗೆ ಹಾಕಬಹುದಾದ ತೆಳು ಹಾಸಿಗೆ. ಧೂಳು, ತೇವ ಸೇರಿದರೆ ಉಕ್ಕಿನ ಮೇಲೂ ಬೂಷ್ಟು ಕೂರುತ್ತದೆ, ಒರೆಸುತ್ತಿರಿ ಅಂತ ಅಣ್ಣ ಎಚ್ಚರಿಸಿದ. ಇಸ್ತ್ರಿ ಮೇಜು ತೆರೆದ ಕಿಟಕಿಯ ಪಕ್ಕಕ್ಕೆ ಹೋಯಿತು.

ಶಾಲು ಉಳಿಯಲಿಲ್ಲ. ಬೀರುವಿನ ಮೂಲೆಯಲ್ಲಿ ಅಮ್ಮನ ಕನ್ನಡಕ ಸಿಕ್ಕಿತ್ತು. ಡ್ರೈವರ್ ತೊಳೆದು ಒರೆಸಿ ಇಟ್ಟುಕೊಂಡ. ಬರೀ ಗಾಜು, ಉಕ್ಕು. ಬೂಷ್ಟಿಗೆ ತಿನ್ನಲು ಅದರಲ್ಲಿ ಏನೂ ಇಲ್ಲ. ಔಷಧಿ ನಿಲ್ಲಿಸಲಿಲ್ಲ, ಆದರೆ ಎರಡು ತಿಂಗಳಲ್ಲಿ ಮಗುವಿನ ಶಿಳ್ಳೆ ನಿಂತಿತು. ಈಗ ಡ್ರೈವರ್ ಮಲಗಿದ ಮಗಳ ಪಕ್ಕ ಕೂತು ಅವಳ ಉಸಿರು ಕೇಳುತ್ತಾನೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹೊಸ ಬೀರು, ಮಂಚ ಕೊಳ್ಳುವಾಗ ಹೊಳಪು ನೋಡಬೇಡಿ, ಹಿಂಬದಿ ಮುಟ್ಟಿ ನೋಡಿ. ಇವತ್ತು ಬೆಳಕಿರುವಾಗಲೇ ನಿಮ್ಮ ಮನೆಯ ಬೀರುವನ್ನೂ ಒಂದು ಗೇಣು ಮುಂದಕ್ಕೆ ಎಳೆದು, ಹಿಂದೆ ಯಾರು ನಿಂತಿದ್ದಾರೆ ನೋಡಿ.