ಗುಂಬಜಿನೊಳಗಿನ ಬಿಸಿಲು

ಮೆಹರುನ್ನೀಸಾ ಅವರ ಮೂರನೆಯ ಕವನ ಸಂಕಲನ ಬಂದು ಎರಡು ತಿಂಗಳಾಗಿತ್ತು. ಎಲ್ಲವೂ ಹಳೆಯ ಗುಡಿ, ಗೋರಿ, ಚಿತ್ರಗಳನ್ನು ಕುರಿತ ಕವನಗಳು. ಶಿವಾಜಿನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಅವರು ಸರ್ವಜ್ಞನಗರದ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಬೇರೆ ಮನೆಯಲ್ಲಿದ್ದ ಅವರ ತಮ್ಮ ವಕಾರ್‌ಗೆ ಕನ್ನಡ ಓದಲು ಬಾರದು. "ಭೋತ್ ಅಚ್ಛಾ ಹೈ ಆಪಾ" ಎಂದು ಅಕ್ಕನನ್ನು ಹೊಗಳಿ ಪುಸ್ತಕವನ್ನು ತನ್ನ ಮನೆಯ ಫ್ರಿಜ್ಜಿನ ಮೇಲಿಟ್ಟಿದ್ದ. ಓದಿದೆ ಎಂದವರು ಒಬ್ಬರೂ ಇರಲಿಲ್ಲ.

ಭಾನುವಾರದ ಪುರವಣಿಯಲ್ಲಿ ಆ ಸಂಕಲನದ ಒಂದು ಕವನ ಅವರ ಫೋನ್ ನಂಬರಿನೊಂದಿಗೆ ಬಂದ ದಿನ ಫೋನು ಬಂತು.

"ಮೇಡಂರಿ, ನಾ ಭೀಮಾಶಂಕರ. ಟಿನ್ ಫ್ಯಾಕ್ಟರಿ ಕಡಿ ಸೆಕ್ಯುರಿಟಿ ಕೆಲಸ ಮಾಡ್ತೀನ್ರಿ. ಊರು ಬೀದರ್ ಬಾಜೂಕ ಅಷ್ಟೂರು. ನಮ್ಮೂರ ಸುಲ್ತಾನರ ಗೋರಿ ಗುಂಬಜ್ ಮ್ಯಾಲ ಬರ್ದೀರಲ್ಲ, ಅದು ತಪ್ಪದರಿ."

"ಏನಪ್ಪ ತಪ್ಪು?"

"ಒಳಗಿನ ಚಿತ್ರ ಕತ್ತಲದಾಗ ಮುಳುಗ್ಯಾವ ಅಂತ ಬರ್ದೀರಿ. ನಮ್ಮವ್ವ ಅಲ್ಲಿ ಕಸಾ ಹೊಡೀತಿದ್ಳು. ಯಾರರ ನೋಡಾಕ ಬಂದ್ರ ಬಾಗಲ್ದಾಗ ಕನ್ನಡಿ ಹಿಡಿದು ಬಿಸಿಲು ಒಳಗ ಬಿಡ್ತಿದ್ಳು. ಬಂಗಾರದಂಗ ಹೊಳೀತಾವ್ರಿ. ನೀವು ಯಾವಾಗ ಹೋಗಿದ್ರಿ?"

ಮೆಹರುನ್ನೀಸಾ ಅವರ ಕಿವಿ ಬಿಸಿಯಾಯಿತು. ಅವರು ನೋಡಿದ್ದು ಒಂದು ಫೋಟೋ ಅಷ್ಟೆ. ಜೊತೆಗೆ ಯಾರೂ ಇಲ್ಲವೆಂದು ಬೀದರ್ ಪ್ರಯಾಣವನ್ನು ವರ್ಷವರ್ಷವೂ ಮುಂದೂಡಿದ್ದರು. ಕವನದಲ್ಲಿದ್ದ ಕತ್ತಲೆ ಗುಂಬಜಿನದಲ್ಲ, ತಮ್ಮ ಮನೆಯದು.

"ಹೋಗಿಲ್ಲಪ್ಪ," ಎಂದರು. "ನಿಮ್ಮ ತಾಯೀನ ನೋಡ್ಬಹುದಾ?"

ಮರುದಿನ ಭೀಮಾಶಂಕರ ಬಸ್ ಸ್ಟಾಪಿಗೆ ಬಂದು ಕರೆದುಕೊಂಡು ಹೋದ. ಒಂದೇ ಕೋಣೆಯ ಮನೆ. ತಾಯಿ ಜಟ್ಟೆಮ್ಮ ಚಾಪೆಯ ಮೇಲೆ ಕೂತಿದ್ದಳು. ಕನ್ನಡಿಯ ಮಾತು ಬಂದದ್ದೇ ಬರಿಗೈಗಳನ್ನೆತ್ತಿ ಓರೆ ಮಾಡಿ ಹಿಡಿದಳು.

"ಹಿಂಗ ಹಿಡೀಬೇಕು ತಾಯಿ. ಕೈ ಅಲ್ಲಾಡಿದ್ರ ಚಿತ್ರದಾಗಿನ ಹೂವು ಕಾಣಂಗಿಲ್ಲ." ಕೈ ಹಾಗೆಯೇ ಇತ್ತು. "ಈ ಊರಿಗಿ ಬಂದು ಏಳು ವರ್ಷಾತು. ಇದನ್ನ ಯಾರೂ ಕೇಳಿದ್ದಿಲ್ಲ."

ಮೆಹರುನ್ನೀಸಾ ಕವನ ಓದಿದರು. ಹೊರಗಿನ ಹಾರ್ನ್ ಸದ್ದಿಗೆ ಎರಡು ಸಲ ನಿಲ್ಲಿಸಬೇಕಾಯಿತು. ಜಟ್ಟೆಮ್ಮ ಕೊನೆಯವರೆಗೂ ಕೇಳಿದಳು.

"ಚಂದ ಅದ. ಖರೇ, ಒಮ್ಮಿ ನೋಡಿ ಬಾ."

"ನೀವೂ ಬನ್ನಿ ನನ್ ಜೊತೆ."

"ಮೊಣಕಾಲು ಒಲ್ಲೆ ಅಂತಾವ. ನೀ ಹೋಗಿ ಬಂದು ನನಗ ಹೇಳು."

ಶುಕ್ರವಾರ ಸಂಜೆ ಚೀಲ ತುಂಬುತ್ತಿದ್ದಾಗ ವಕಾರ್ ಫೋನು ಮಾಡಿ ಬೀದರಿಗೆ ಯಾರ ಜೊತೆ ಹೊರಟಿದ್ದೀಯ ಎಂದು ಕೇಳಿದ.

"ಅಕೇಲಿಚ್," ಒಬ್ಬಳೇ, ಎಂದರು ಮೆಹರುನ್ನೀಸಾ. ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಬೀದರ್ ರೈಲಿಗೆ ಹೊರಟರು.