ಮೆತ್ತಗೆ ಬೀಳುವ ಮುಚ್ಚಳ

ನಂಬರು ಅದೇ. ಪಿಯಾನೋದ ಹೊಟ್ಟೆಯೊಳಗೆ ತಲೆ ತೂರಿಸಿ, ಕಬ್ಬಿಣದ ಚೌಕಟ್ಟಿನ ಮೇಲಿದ್ದ ಅಂಕಿಗಳನ್ನು ಅಪ್ಪನ ಹಳೇ ರಸೀದಿಯ ಜೊತೆ ಅವನು ಎರಡು ಸಲ ತಾಳೆ ನೋಡಿದ. ಆಮೇಲೆ ರಿಪೇರಿಯವನು ಚಾಚಿದ ಖರೀದಿ ಕಾಗದಕ್ಕೆ ಸಹಿ ಹಾಕಿದ.

"ಅಕ್ಕ, ಇದೇ."

"ಸರಿ, ಮುಗೀತಲ್ಲ. ಹೊರಡೋಣ," ಅಂದಳು ಅಕ್ಕ.

ಮುಗಿದಿರಲಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಅಪ್ಪ ಮಾರಿದ್ದ ಇದನ್ನು ಹುಡುಕಿಕೊಂಡು ಅವನು ಊರೂರು ಅಲೆದಿದ್ದ. ಸಂಗೀತಕ್ಕಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವನಿಗೆ ಬೇಕಾಗಿದ್ದುದು ಸಾಕ್ಷಿ.

ಅಭ್ಯಾಸಕ್ಕೆ ಕೂತಾಗ ಅಪ್ಪ ಅವನ ಕೈಯ ಬೆನ್ನ ಮೇಲೆ ಒಂದು ನಾಣ್ಯ ಇಡುತ್ತಿದ್ದರು. ಕೈ ಅಲುಗಬಾರದು. ನಾಣ್ಯ ಬಿದ್ದರೆ ಪಿಯಾನೋದ ಮುಚ್ಚಳವೂ ಬೀಳುತ್ತಿತ್ತು, ಬೆರಳುಗಳ ಮೇಲೆ. ಅಪ್ಪನ ಮುಖದಲ್ಲಿ ಸಿಟ್ಟು ಕೂಡ ಇರುತ್ತಿರಲಿಲ್ಲ. ಬಿದ್ದ ಪ್ರತಿ ಸಲವೂ ಅವನು ಮುಚ್ಚಳದ ಒಳಮೈಯಲ್ಲಿ ಮೊಳೆಯಿಂದ ಒಂದು ಗೀರು ಎಳೆದಿದ್ದ. ಹತ್ತೊಂಬತ್ತು ಗೀರು.

ಅಕ್ಕನ ಪ್ರಕಾರ ಅದೊಂದೂ ನಡೆದೇ ಇಲ್ಲ. ಅಪ್ಪ ಇರುವೆಯನ್ನೂ ನೋಯಿಸಿದವರಲ್ಲ. ಅವರು ಸತ್ತಂದಿನಿಂದ ಮನೆಗೆ ಬಂದವರಿಗೆಲ್ಲ ಅವಳದು ಇದೇ ಹರಿಕಥೆ. ಈಚೆಗೆ ಅವನ ಹೆಂಡತಿಯೂ ಹೌದೆಂದು ತಲೆಯಾಡಿಸುತ್ತಿದ್ದಳು.

ರಿಪೇರಿಯವನು ಕೈ ಒರೆಸಿಕೊಂಡ. "ತಂತಿ, ಸುತ್ತಿಗೆ, ಫೆಲ್ಟು, ಎಲ್ಲ ಹೊಸದು ಸಾರ್. ಹಳೇದು ಅಂದ್ರೆ ಕಬ್ಬಿಣ, ಹೊರಗಿನ ಮರ ಅಷ್ಟೇ."

"ಮುಚ್ಚಳ?"

"ಹಳೇದೇ. ಒಳಗಡೆ ಯಾವನೋ ತರಲೆ ಹುಡುಗ ಗೀಚಿ ಹಾಳು ಮಾಡಿದ್ದ. ಉಜ್ಜಿ ಉಜ್ಜಿ ಕೈ ಬಿದ್ದೋಯ್ತು. ಈಗ ಭೂತಗನ್ನಡಿ ಹಾಕಿ ಹುಡುಕಿದ್ರೂ ಸಿಗಲ್ಲ."

"ಆ ತರಲೆ ಇವನೇ," ಎಂದು ಅಕ್ಕ ನಕ್ಕಳು. "ಚಿಕ್ಕಂದಿನಿಂದ್ಲೂ ಹೀಗೇ."

ಅವನು ಮುಚ್ಚಳ ಎತ್ತಿ ಒಳಮೈ ಸವರಿದ. ಬೆರಳಿಗೆ ಏನೂ ತಗಲಲಿಲ್ಲ. ಸತ್ತವರ ಮೇಲೆ ಸಿಟ್ಟು, ನಗುವವಳ ಮೇಲೆ ಸಿಟ್ಟು, ಮೂಲೆಯಲ್ಲಿದ್ದ ಪಾಲಿಶ್ ಡಬ್ಬಿಯ ಮೇಲೂ ಸಿಟ್ಟು.

"ನೀನೂ ಪಕ್ಕದಲ್ಲೇ ಕೂತಿರ್ತಿದ್ದೆ," ಅಂದ. "ಪುಟ ತಿರುವ್ತಾ."

ಅಕ್ಕ ಬ್ಯಾಗಿನ ಜಿಪ್ ಎಳೆದಳು. "ನಂಗೆ ನೆನಪಿಲ್ಲ."

"ನೆನಪು ಮಾಡ್ತೀನಿ, ತಾಳು."

ಎಡಗೈ ಬೆರಳುಗಳನ್ನು ಪಿಯಾನೋದ ಕಪ್ಪು-ಬಿಳುಪು ಮನೆಗಳ ಮೇಲಿಟ್ಟು, ಬಲಗೈಯಿಂದ ಮುಚ್ಚಳವನ್ನು ಇದ್ದಬದ್ದ ಬಲವೆಲ್ಲ ಹಾಕಿ ಅಪ್ಪಳಿಸಿದ.

ಮುಚ್ಚಳ ಬೀಳಲಿಲ್ಲ. ಅರ್ಧದಲ್ಲಿ ಯಾರೋ ಹಿಡಿದುಕೊಂಡಂತೆ ನಿಧಾನವಾಗಿ, ಅವಸರವಿಲ್ಲದೆ ಇಳಿಯತೊಡಗಿತು.

"ಮೆಲ್ಲಗೆ ಇಳೀಲಿ ಅಂತ ಪಿಸ್ಟನ್ ಹಾಕಿದೀನಿ ಸಾರ್," ಎಂದ ರಿಪೇರಿಯವನು, ಹೆಮ್ಮೆಯಿಂದ. "ಎಷ್ಟು ಜೋರಾಗಿ ತಳ್ಳಿದ್ರೂ ಅಷ್ಟೇ. ಮಕ್ಕಳ ಬೆರಳಿಗೆ ಏನೂ ಆಗಲ್ಲ."

"ನೋಡಿದ್ಯಾ?" ಅಂದಳು ಅಕ್ಕ. ದನಿಯಲ್ಲಿ ನಿಜವಾದ ನೆಮ್ಮದಿಯಿತ್ತು. "ನಾನು ಹೇಳಿರ್ಲಿಲ್ವಾ?"

ಮಲಗಿದ ಮಗುವಿಗೆ ಹೊದಿಕೆ ಹೊದಿಸಿದಷ್ಟು ಮೆತ್ತಗೆ ಮುಚ್ಚಳ ಅವನ ಬೆರಳುಗಳ ಮೇಲೆ ಬಂದು ಕೂತಿತು. ಅವನು ಕೈ ತೆಗೆಯಲಿಲ್ಲ. ಮುಚ್ಚಳದ ಮೇಲೆ ಮೊಣಕೈ ಊರಿ, ಹಲ್ಲು ಕಚ್ಚಿ, ಇಡೀ ಮೈಭಾರ ಹಾಕಿ ಒತ್ತಿದ. ಒಳಗೆ ಅವನ ಬೆರಳಡಿಯ ನಾಲ್ಕು ಸ್ವರಗಳು ಒಟ್ಟಿಗೆ ನುಡಿದವು, ಒಂದಿಷ್ಟೂ ಶ್ರುತಿ ತಪ್ಪದೆ.