ಪುಟ್ಟಿಗೂ ಒಂದು ರಿಟರ್ನ್ ಟಿಕೆಟ್

ಹೆತ್ತ ಮಗಳೇ ಅವಳನ್ನು ಚಿಕ್ಕಿ ಎಂದು ಕರೆಯುತ್ತಿದ್ದಳು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಗಂಡ ಕೈಬಿಟ್ಟು ಹೋದ ಮೇಲೆ, ಯುರೋಪಿನ ಒಂದು ಊರಲ್ಲಿ ಬಟ್ಟೆ ರಿಪೇರಿ ಅಂಗಡಿಯ ಕೆಲಸ ಸಿಕ್ಕಿ ಹೊರಟಾಗ ಮಗಳಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಅಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು, "ನೀನು ನಿಶ್ಚಿಂತೆಯಾಗಿ ಹೋಗು. ನನ್ನವೆರಡರ ಜೊತೆ ಇದೊಂದು" ಎಂದಿದ್ದಳು. ಅಕ್ಕನ ಇಬ್ಬರು ಗಂಡುಹುಡುಗರು ಅಮ್ಮ ಅನ್ನುವುದನ್ನು ಕೇಳಿ ಮಗುವೂ ದೊಡ್ಡಮ್ಮನನ್ನು ಅಮ್ಮ ಅಂದಿತು. ಅವರು ಫೋನಿನಲ್ಲಿ ಚಿಕ್ಕಿ ಅನ್ನುವುದನ್ನು ಕೇಳಿ ತಾನೂ ಚಿಕ್ಕಿ ಅಂದಿತು. ಯಾರೂ ಕಲಿಸಲಿಲ್ಲ, ಯಾರೂ ತಿದ್ದಲೂ ಇಲ್ಲ. ಸ್ವಲ್ಪ ಬುದ್ಧಿ ಬಂದ ಮೇಲೆ ಅಕ್ಕನೇ ಪಕ್ಕದಲ್ಲಿ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಹೂಂ, ಗೊತ್ತು" ಎಂದು ಪುಟ್ಟಿ ಮತ್ತೆ ಆಡಲು ಓಡಿದಳಂತೆ. ಆದರೆ ಬಾಯಿಗೆ ಕೂತ ಮಾತು ಎದ್ದು ಹೋಗಲಿಲ್ಲ.

ಚಿಕ್ಕಿ ವರ್ಷಕ್ಕೊಮ್ಮೆ ಬರುತ್ತಿದ್ದಳು. ಬರಬೇಕೆಂದರೆ ಅಗ್ಗದ ಟಿಕೆಟ್ ಸಿಗಬೇಕು. ಯುರೋಪಿಗೂ ಏಷ್ಯಾಕ್ಕೂ ನಡುವೆ ಹಾರುವ ವಿಮಾನಗಳ ದರ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಊಟದ ಬಿಡುವು ಸಿಕ್ಕರೆ ಸಾಕು, ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಫೋನು. ತನ್ನೂರಿಂದ ಹೊರಡುವ ವಿಮಾನ ದುಬಾರಿಯಾದರೆ ಪಕ್ಕದ ದೇಶದ ಊರಿಂದ ನೋಡುವಳು, ಅಲ್ಲಿಗೆ ಹೋಗಲು ರಾತ್ರಿಯಿಡೀ ಬಸ್ಸು. ಶನಿವಾರ ಭಾನುವಾರ ಮುಟ್ಟುವ ಹಾಗಿಲ್ಲ, ವಾರದ ನಡುವೆ ಹೊರಡಬೇಕು. ಶಾಲೆಗಳಿಗೆ ರಜೆ ಬಿಡುವ ಮುಂಚೆ ಹೋಗಿ ಬಂದುಬಿಡಬೇಕು. ಮಧ್ಯದ ಯಾವುದೋ ನಿಲ್ದಾಣದಲ್ಲಿ ಹಗಲೆಲ್ಲ ಕುರ್ಚಿಯ ಮೇಲೆ ಮುದುಡಿಕೊಂಡಿದ್ದರೆ ದರ ಇನ್ನೂ ಇಳಿಯುತ್ತದೆ. ಇವೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಅದೇ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳಿದ್ದಳು. ಚಿಕ್ಕಿಯ ಭಾಷೆ ಆಡುವವಳು ಅಲ್ಲಿ ಅವಳೊಬ್ಬಳೇ. ಫೋನಿಗೆ ಅಂಟಿಕೊಂಡ ಗೆಳತಿಯನ್ನು ಕಂಡಾಗಲೆಲ್ಲ ರೇಗಿಸುತ್ತಿದ್ದಳು.

"ದರ ಆಮೇಲೆ ನೋಡೇ. ನೀನು ಹುಡುಕೋ ವಿಮಾನಕ್ಕೆ ರೆಕ್ಕೆ ಎರಡೂ ಇದೆಯಾ ಅಂತ ಮೊದಲು ನೋಡು."

"ಒಂದೇ ಇದ್ರೂ ಹತ್ತುತೀನಿ ಕಣೆ. ಇನ್ನೊಂದನ್ನ ನಾನೇ ಹೊಲ್ಕೋತೀನಿ."

ಪುಟ್ಟಿ ಹನ್ನೊಂದಕ್ಕೆ ಕಾಲಿಟ್ಟ ವರ್ಷ, ಮಗಳನ್ನು ಕರೆಸಿಕೊಳ್ಳಲು ಅನುಮತಿ ಬಂತು. ಎಷ್ಟೋ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ ಮೇಲೆ ಸಿಕ್ಕಿದ್ದು. ಚಿಕ್ಕಿ ಅಕ್ಕನಿಗೆ ಫೋನು ಮಾಡಿ ಹೇಳಿದಳು. ಅಕ್ಕ, "ಒಳ್ಳೇದಾಯ್ತು. ಮಗು ತಾಯಿ ಹತ್ರ ಇರೋದೇ ಸರಿ. ಯಾವಾಗ ಬರ್ತೀಯ?" ಎಂದಳು. ಅವಳ ದನಿ ಅಳುಕಲಿಲ್ಲ.

ಚಿಕ್ಕಿ ತನ್ನ ಒಂಟಿ ಕೋಣೆಯಲ್ಲಿದ್ದ ಮೇಜನ್ನು ಯಾರಿಗೋ ಕೊಟ್ಟು, ಆ ಜಾಗದಲ್ಲಿ ಸಣ್ಣ ಮಂಚ ಹಾಕಿಸಿದಳು. ಹತ್ತಿರದ ಶಾಲೆಗೆ ಹೋಗಿ ಮಾತಾಡಿ ಬಂದಳು. ಗಿರಾಕಿಯೊಬ್ಬರು ಬೇಡವೆಂದು ಬಿಟ್ಟುಹೋದ ನೀಲಿ ಉಣ್ಣೆಯ ಬಟ್ಟೆಯಲ್ಲಿ ಪುಟ್ಟಿಗೊಂದು ಕೋಟು ಹೊಲಿದಳು. ಅಳತೆ ಕೇಳಲಿಲ್ಲ. ದಿನಾ ಫೋನಿನಲ್ಲಿ ನೋಡುವ ಮಗಳು, ದಿನಾ ಟೇಪು ಹಿಡಿಯುವ ಕೈ, ಇನ್ನು ಕೇಳುವುದೇನಿದೆ ಎಂದುಕೊಂಡಳು.

ಟಿಕೆಟ್ ಕೂಡ ಕೈಗೂಡಿತು. ತನಗೆ ಹೋಗಿಬರುವ ಟಿಕೆಟ್. ತಾನು ಮರಳುವ ವಿಮಾನದಲ್ಲೇ ಪುಟ್ಟಿಗೂ ಒಂದು. ಅಗ್ಗದ ಟಿಕೆಟಿನವರನ್ನು ಕಂಪನಿ ಎಲ್ಲೆಲ್ಲೋ ಕೂರಿಸುತ್ತದೆಂದು ಗೊತ್ತಿದ್ದರಿಂದ, ಹೆಚ್ಚಿಗೆ ಕೊಟ್ಟು ಅಕ್ಕಪಕ್ಕದ ಸೀಟು ಹಿಡಿದಳು. ಕಿಟಕಿಯದು ಪುಟ್ಟಿಗೆ.

ಇಸ್ತ್ರಿಯವಳು ಫೋನಿಗೆ ಬಗ್ಗಿ ನೋಡಿದಳು. "ಇದೇನೇ, ಮಗಳಿಗೂ ರಿಟರ್ನ್ ತಗೊಂಡಿದ್ದೀಯ? ವಾಪಸ್ ಕಳಿಸ್ತೀಯಾ?"

"ಇಲ್ಲ ಕಣೆ. ಬರೀ ಹೋಗೋ ಟಿಕೆಟ್‌ಗಿಂತ ಹೋಗಿಬರೋದೇ ಅಗ್ಗ. ಯಾವುದೋ ಒಂದು ತಾರೀಕು ಹಾಕಿದ್ದೀನಿ, ಅಷ್ಟೆ."

"ಇದೊಳ್ಳೆ ಕಥೆ! ಹೋದ್ರೆ ಜಾಸ್ತಿ, ಹೋಗಿ ವಾಪಸ್ ಬಂದ್ರೆ ಕಮ್ಮಿ!" ಎಂದು ಅವಳು ಬಿದ್ದುಬಿದ್ದು ನಕ್ಕಳು. ಚಿಕ್ಕಿಯೂ ನಕ್ಕಳು. ಆಗ ಅವಳಿಗೆ ಏನು ಕೇಳಿದರೂ ನಗು ಬರುತ್ತಿತ್ತು.

ಅಕ್ಕನ ಮನೆ ಮುಟ್ಟಿದಾಗ ಪುಟ್ಟಿಯೇ ಬಾಗಿಲು ತೆಗೆದಳು. ಫೋನಿನಲ್ಲಿ ಮುಖ ಕಾಣುತ್ತದೆ, ಎತ್ತರ ಕಾಣುವುದಿಲ್ಲ. ಹುಡುಗಿ ಚಿಕ್ಕಿಯ ಕಿವಿಯವರೆಗೆ ಬೆಳೆದು ನಿಂತಿದ್ದಳು. ಕೋಟು ಹಾಕಿ ನೋಡಿದರೆ ತೋಳು ಮಣಿಕಟ್ಟಿಗಿಂತ ಎಷ್ಟೋ ಮೇಲೆ ನಿಂತಿತು, ಬೆನ್ನು ಬಿಗಿಯಿತು.

"ಪರವಾಗಿಲ್ಲ ಚಿಕ್ಕಿ, ಚೆನ್ನಾಗಿದೆ" ಎಂದು ಪುಟ್ಟಿ ಕೈಗಳನ್ನು ಒಳಗೆ ಎಳೆದುಕೊಂಡಳು.

"ಬಿಚ್ಚು. ಒಳಗೆ ಬಟ್ಟೆ ಬಿಟ್ಟಿದ್ದೀನಿ, ಸರಿ ಮಾಡಿಕೊಡ್ತೀನಿ."

ಅಷ್ಟು ಬಟ್ಟೆ ಬಿಟ್ಟಿರಲಿಲ್ಲ. ಅಕ್ಕನ ಹೊಲಿಗೆ ಮಿಷನ್ ಮುಂದೆ ಕೂತು ತೋಳಿನ ಅಂಚು ಬಿಚ್ಚುವಾಗ ಚಿಕ್ಕಿಗೆ ನಾಚಿಕೆಯಾಯಿತು. ಊರವರಿಗೆಲ್ಲ ಸರಿಯಾಗಿ ಕೂರುವ ಹಾಗೆ ಹೊಲಿಯುವ ತನಗೆ ಹೆತ್ತ ಮಗಳ ಅಳತೆ ತಪ್ಪಿತಲ್ಲ! ಅಕ್ಕ ಬಂದು ಪಕ್ಕದಲ್ಲಿ ನಿಂತಳು. "ಈ ಆರು ತಿಂಗಳಲ್ಲಿ ಸರಸರ ಬೆಳೆದುಬಿಟ್ಲು. ನಾನು ಹೊಲಿಸಿದ್ದೂ ಯಾವುದೂ ಆಗ್ತಿಲ್ಲ" ಎಂದಳು. ಅದು ತಂಗಿಗೆ ಸಮಾಧಾನವಾಗಲೆಂದು ಹೇಳಿದ ಸುಳ್ಳು. ಪುಟ್ಟಿ ತೊಟ್ಟಿದ್ದ ಅಂಗಿ ಅಳತೆ ಹಿಡಿದಂತೆ ಕೂತಿತ್ತು.

ಭಾವ ಮಾತು ಕಡಿಮೆಯ ಮನುಷ್ಯ. ಮನೆ ಮುಂಭಾಗದಲ್ಲೇ ಫ್ಯಾನು, ಪಂಪುಗಳ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದರು. ಆ ವಾರವೆಲ್ಲ ಊಟಕ್ಕೆ ಕರೆದರೂ ಒಳಗೆ ಬರಲು ಸಬೂಬು ಹೇಳುತ್ತಿದ್ದರು. ಒಂದು ಮಧ್ಯಾಹ್ನ ಚಿಕ್ಕಿ, ವಿಮಾನದ ಹೊತ್ತು ನೋಡಿಕೊಳ್ಳಲಿ ಎಂದು ಟಿಕೆಟ್ಟಿನ ಕಾಗದ ಕೊಟ್ಟಳು. ಅವರು ಎಣ್ಣೆಗೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದಿದರು. ಎರಡನೇ ಹಾಳೆಗೆ ಬಂದವರ ಮುಖ ಊರಗಲವಾಯಿತು.

"ಲೇ, ಇಲ್ಲಿ ಬಾರೇ!" ಎಂದು ಹೆಂಡತಿಯನ್ನು ಕೂಗಿದರು. "ಪುಟ್ಟಿಗೆ ವಾಪಸ್ ಟಿಕೆಟ್ ಇದೆ. ಬೇಸಿಗೆಗೆ ಬರ್ತಾಳೆ. ನೀನು ಸುಮ್ನೆ ಸಂಕಟ ಪಟ್ಕೊಂಡು ಕೂತಿದ್ದೆ!"

ಅಕ್ಕ ಒದ್ದೆ ಕೈಯಲ್ಲೇ ಓಡಿ ಬಂದಳು. ಗಂಡನ ಮುಖ ನೋಡಿದಳು, ತಂಗಿಯ ಮುಖ ನೋಡಿದಳು. "ಹೌದೇನೇ? ನೀನು ಹೇಳಲೇ ಇಲ್ಲ!"

ಸುಳ್ಳು ಹೇಳಿಬಿಡಬಹುದಿತ್ತು. ಚಿಕ್ಕಿಯ ನಾಲಿಗೆ ತುದಿಗೆ ಬಂದೂ ಇತ್ತು. ಆದರೆ ಈ ಇಬ್ಬರು ಬೇಸಿಗೆಯವರೆಗೂ ದಾರಿ ಕಾಯುವುದನ್ನು ನೆನೆದು ಅದನ್ನು ನುಂಗಿಕೊಂಡಳು.

"ಅದು ಹಾಗಲ್ಲ ಭಾವ. ರಿಟರ್ನ್ ತಗೊಂಡ್ರೆ ದರ ಕಡಿಮೆ. ಅದಕ್ಕೆ ತಗೊಂಡೆ. ಆ ತಾರೀಕಿಗೆ ಅವಳು... ಅವಳಿಗೆ ಅಲ್ಲಿ ಶಾಲೆ ಇರುತ್ತೆ."

"ಓ" ಎಂದರು ಭಾವ. ಹಾಳೆಗಳನ್ನು ಮಡಚಿ ವಾಪಸು ಕೊಟ್ಟರು. ಮಡಿಕೆ ಸರಿಯಾಗಲಿಲ್ಲವೆಂಬಂತೆ ಮತ್ತೆ ಇಸಿದುಕೊಂಡು, ಬಿಚ್ಚಿ, ಇನ್ನೊಮ್ಮೆ ಮಡಚಿ ಕೊಟ್ಟರು. ಅಕ್ಕ ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಪಾತ್ರೆಗಳೆಲ್ಲ ತೊಳೆದಾಗಿದ್ದರೂ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಪುಟ್ಟಿ ಮಾತ್ರ ಹಟ ಮಾಡಲಿಲ್ಲ, ರಗಳೆ ಮಾಡಲಿಲ್ಲ. ದೊಡ್ಡವರ ಹಾಗೆ ವಿಚಾರಿಸಿದಳು.

"ಅಲ್ಲಿ ನಾನು ಎಲ್ಲಿ ಮಲಗೋದು ಚಿಕ್ಕಿ?"

"ಕಿಟಕಿ ಪಕ್ಕ ಮಂಚ ಹಾಕಿದ್ದೀನಿ."

"ನೀನು ಕೆಲಸಕ್ಕೆ ಹೋದಾಗ ಮನೇಲಿ ಯಾರಿರ್ತಾರೆ?"

"ಯಾರೂ ಇಲ್ಲ ಪುಟ್ಟಿ. ಶಾಲೆ ಮುಗಿಸಿ ಸೀದಾ ಅಂಗಡಿಗೆ ಬಾ. ಅಲ್ಲಿ ಇಸ್ತ್ರಿ ಮಾಡೋ ಅತ್ತೆ ಒಬ್ಬಳಿದ್ದಾಳೆ, ನಗಿಸಿ ನಗಿಸಿ ಸಾಯಿಸ್ತಾಳೆ."

"ಸರಿ" ಎಂದಳು ಪುಟ್ಟಿ. ಎಲ್ಲದಕ್ಕೂ ಸರಿ ಎನ್ನುತ್ತಿದ್ದಳು. ಎಷ್ಟು ಒಳ್ಳೆಯ ಹುಡುಗಿ, ಅಕ್ಕ ಎಷ್ಟು ಚೆನ್ನಾಗಿ ಬೆಳೆಸಿದ್ದಾಳೆ ಎಂದು ಚಿಕ್ಕಿಗೆ ಹೆಮ್ಮೆಯಾಯಿತು.

ಹೊರಡುವ ದಿನ ಅಕ್ಕ ನಿಲ್ದಾಣಕ್ಕೆ ಬರಲಿಲ್ಲ. ಪುಟ್ಟಿಯ ತಲೆ ಬಾಚಿ, ಜಡೆ ಬಿಗಿಯಾಗಿ ಹೆಣೆದು, ಬಾಗಿಲಲ್ಲೇ ನಿಂತಳು. "ನೀರು ಕುಡೀತಾ ಇರು. ಚಿಕ್ಕಿ ಮಾತು ಕೇಳು" ಎಂದಳು. ಅಣ್ಣಂದಿರು ಪೆಟ್ಟಿಗೆ ಎತ್ತಿ ಗಾಡಿಗಿಟ್ಟು, ನಗಿಸಲು ನೋಡಿ, ಆಗದೆ ತಲೆ ತಗ್ಗಿಸಿದರು. ಭಾವ ಗಾಡಿಯಲ್ಲಿ ಜೊತೆಗೆ ಹೊರಟರು.

ನಿಲ್ದಾಣದ ಗಾಜಿನ ಬಾಗಿಲಿಂದಾಚೆ ಪ್ರಯಾಣಿಕರಿಗಷ್ಟೇ ಪ್ರವೇಶ. ಭಾವ ಪುಟ್ಟಿಯ ತಲೆಯ ಮೇಲೆ ಕೈಯಿಟ್ಟು, ತೆಗೆದು, ಸರಿದು ನಿಂತರು. ತಾಯಿ ಮಗಳು ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು. ಲಗೇಜು ಕೊಡುವ ಸಾಲು ಉದ್ದವಿತ್ತು. ಚಿಕ್ಕಿ ಮಗಳಿಗೆ ಎಲ್ಲ ತೋರಿಸಿದಳು: ಪೆಟ್ಟಿಗೆಗಳು ಸಾಗುವ ಪಟ್ಟಿ, ಊರುಗಳ ಹೆಸರು ಬದಲಾಗುವ ಫಲಕ. ಪುಟ್ಟಿ ನೋಡುತ್ತಿರಲಿಲ್ಲ. ಟ್ರಾಲಿಯ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದಿದ್ದಳು. ಕೆಳತುಟಿ ಕಚ್ಚಿಕೊಂಡಿದ್ದಳು.

"ಏನಾಯ್ತು ಪುಟ್ಟಿ? ಹೊಟ್ಟೆ ತೊಳಸ್ತಾ ಇದೆಯಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಚಿಕ್ಕಿ ಅವಳ ಗಲ್ಲ ಹಿಡಿದು ಮೇಲೆತ್ತಿದಳು. "ಅಳು ಬಂದ್ರೆ ಅತ್ತುಬಿಡು ಕಂದ. ತಪ್ಪೇನಿಲ್ಲ."

"ಅಳಲ್ಲ ಅಂತ ಅಮ್ಮಂಗೆ ಮಾತು ಕೊಟ್ಟಿದ್ದೀನಿ."

"ಯಾಕೆ?"

"ನಾನು ಅತ್ರೆ ನಿಂಗೆ ಬೇಜಾರಾಗುತ್ತಂತೆ. ಚಿಕ್ಕಿಗೆ ಅಲ್ಲಿ ಯಾರೂ ಇಲ್ಲ, ಒಬ್ಬಳೇ ಇರ್ತಾಳೆ, ನಮಗೋಸ್ಕರ ಎಷ್ಟೋ ವರ್ಷ ಕಷ್ಟಪಟ್ಟಿದ್ದಾಳೆ, ನೀನು ಹೋಗಿ ಅವಳ ಜೊತೆ ಇರಬೇಕು ಅಂತ ಅಮ್ಮ ಹೇಳಿದ್ಲು. ಅದಕ್ಕೇ ಬರ್ತಾ ಇದ್ದೀನಿ." ಹುಡುಗಿ ಮೂಗೆಳೆದುಕೊಂಡಳು. "ನಾನು ಇರ್ತೀನಿ ಚಿಕ್ಕಿ. ಅಭ್ಯಾಸ ಆಗುತ್ತೆ."

ಸಾಲು ಮುಂದೆ ಸರಿಯಿತು. ಹಿಂದಿನವರ ಟ್ರಾಲಿ ಕಾಲಿಗೆ ತಾಗಿತು. ಚಿಕ್ಕಿ ನಿಂತಲ್ಲೇ ನಿಂತಿದ್ದಳು. ಮಗಳು ತಾಯಿಯ ಮನೆಗೆ ಬರುತ್ತಿದ್ದಾಳೆಂದು ಅವಳು ಇಷ್ಟು ದಿನ ತಿಳಿದಿದ್ದಳು. ಯಾರೂ ದಿಕ್ಕಿಲ್ಲದ ಸಂಬಂಧಿಕರ ಮನೆಗೆ ಒಳ್ಳೆಯ ಮಕ್ಕಳು ಹೇಗೆ ಹೋಗಿ ಇದ್ದು ಬರುತ್ತಾರೋ ಹಾಗೆ, ಈ ಮಗು ಹೊರಟಿತ್ತು. ಬರುವ ದಿನವಿಲ್ಲದೆ ಹೊರಟಿತ್ತು. ಕಳಿಸಿದವಳು ಎದೆ ಕಲ್ಲು ಮಾಡಿಕೊಂಡು ಕಳಿಸಿದ್ದಳು. ಅಕ್ಕ, ಭಾವ, ಪುಟ್ಟಿ ಮೂವರೂ ತನಗೆ ನೋವಾಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದರು.

"ಬಾ" ಎಂದು ಚಿಕ್ಕಿ ಟ್ರಾಲಿ ಹಿಂದಕ್ಕೆ ತಿರುಗಿಸಿದಳು.

ಬಾಗಿಲ ಕಾವಲಿನವನು ಹೊರಗೆ ಬಿಡಲು ನೂರೆಂಟು ಪ್ರಶ್ನೆ ಕೇಳಿದ. ಭಾವ ಹೊರಟಿರಲೇ ಇಲ್ಲ. ಗಾಜಿಗೆ ಹಣೆ ಹಚ್ಚಿ ನಿಂತಿದ್ದವರು ಇವರನ್ನು ಕಂಡು ಗಾಬರಿಯಾದರು.

"ಏನಾಯ್ತು? ಏನು ಮರೆತ್ರಿ?"

"ಪುಟ್ಟಿನ ಮನೆಗೆ ಕರ್ಕೊಂಡು ಹೋಗಿ ಭಾವ."

ಭಾವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ದುಡುಕಬೇಡಮ್ಮ. ಎಷ್ಟು ಓಡಾಡಿ ಅನುಮತಿ ತಂದಿದ್ದೀಯ. ಟಿಕೆಟ್ಟು?"

"ಅಗ್ಗದ್ದು ಭಾವ. ವಾಪಸ್ ಕೊಡೋಕೂ ಬರಲ್ಲ, ತಾರೀಕು ಬದಲಾಯಿಸೋಕೂ ಬರಲ್ಲ. ಹೋಗ್ಲಿ ಬಿಡಿ."

ಪುಟ್ಟಿ ಈಗ ಬಿಕ್ಕಿಬಿಕ್ಕಿ ಅಳುತ್ತಿದ್ದಳು. "ನಾನು ಬರ್ತೀನಿ ಚಿಕ್ಕಿ, ನಿಜವಾಗ್ಲೂ ಬರ್ತೀನಿ, ನಾನೇನು ತಪ್ಪು ಮಾಡ್ದೆ?" ಎಂದು ಅವಳ ಸೆರಗು ಹಿಡಿದುಕೊಂಡಳು. ಚಿಕ್ಕಿ ಬಗ್ಗಿ ಮಗಳ ಎರಡೂ ಕೆನ್ನೆಗೆ ಮುತ್ತಿಟ್ಟಳು. "ನೀನೇನೂ ತಪ್ಪು ಮಾಡಿಲ್ಲ. ದೊಡ್ಡವಳಾಗು. ಬರಬೇಕು ಅಂತ ನಿನಗೇ ಅನ್ನಿಸಿದ ದಿನ ಬಾ" ಎಂದು ಬೆರಳು ಬಿಡಿಸಿಕೊಂಡಳು. ಪೆಟ್ಟಿಗೆ ಯಾವುದು ಯಾರದೆಂದು ನೋಡಿ ಪುಟ್ಟಿಯದನ್ನು ಇಳಿಸಿದಳು. ನೀಲಿ ಕೋಟನ್ನು ಅದರ ಮೇಲಿಟ್ಟಳು. ತಿರುಗಿ ನೋಡಿದರೆ ಕಾಲು ಕೀಳಲಾಗುವುದಿಲ್ಲವೆಂದು ಗೊತ್ತಿದ್ದರಿಂದ ನೋಡದೆ ಒಳಗೆ ನಡೆದಳು.

ವಿಮಾನ ತುಂಬಿತ್ತು. ಕಿಟಕಿಯ ಸೀಟು ಖಾಲಿ. ಹಿಂದಿನ ಸಾಲಲ್ಲಿ ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ದಪ್ಪನೆಯ ಮುದುಕರೊಬ್ಬರು ಎದ್ದು ಬಂದು, "ಇಲ್ಲಿ ಯಾರಾದರೂ ಇದ್ದಾರಾ?" ಎಂದು ಕೇಳಿದರು. ಚಿಕ್ಕಿಗೆ ಇಲ್ಲ ಎನ್ನಲಾಗಲಿಲ್ಲ. "ನನ್ನ ಮಗಳು" ಎಂದಳು. ಮುದುಕರು ಸುತ್ತ ನೋಡಿದರು. ಅವಳ ಮುಖ ನೋಡಿದರು. ತಮ್ಮ ಜಾಗಕ್ಕೆ ಮರಳಿದರು.

ಕೆಲಸಕ್ಕೆ ಮರಳಿದ ದಿನ ಇಸ್ತ್ರಿಯವಳು ಚಾಕಲೇಟಿನ ಪೊಟ್ಟಣ ಹಿಡಿದು ಕಾದಿದ್ದಳು. ಚಿಕ್ಕಿ ಒಬ್ಬಳೇ ಒಳಗೆ ಬಂದದ್ದನ್ನು ಕಂಡು, ಪೊಟ್ಟಣವನ್ನು ಬಟ್ಟೆ ರಾಶಿಯ ಹಿಂದೆ ಸರಿಸಿ, ಗೆಳತಿಯ ಮಿಷನ್ನಿನ ಮೇಲಿನ ಧೂಳು ಒರೆಸಿಕೊಟ್ಟಳು.

ಅಕ್ಕ ಕೆಲವು ದಿನ ಫೋನು ಎತ್ತಲಿಲ್ಲ. ಆಮೇಲೆ ಒಂದು ಸಂಜೆ ತಾನೇ ಮಾಡಿದಳು. ಬೈಯಲೆಂದೇ ಮಾಡಿದ್ದಳು.

"ಯಾಕೆ ಹಾಗೆ ಮಾಡ್ದೆ? ನಾನು ಎಷ್ಟು ಗಟ್ಟಿ ಮಾಡ್ಕೊಂಡು ಕಳಿಸಿದ್ದೆ ಅಂತ ನಿಂಗೊತ್ತಾ? ಅವಳ ಬಟ್ಟೆ ಇಟ್ಟಿದ್ದ ಗೂಡು ಕೂಡ ಖಾಲಿ ಮಾಡಿ, ಒರೆಸಿ, ಹುಡುಗರ ಪುಸ್ತಕ ಜೋಡಿಸಿಬಿಟ್ಟಿದ್ದೆ. ಬಾಗಿಲು ತೆಗೆದ್ರೆ ಎದುರಿಗೆ ನಿಂತಿದ್ದಾಳೆ! ಸಂತೋಷ ಪಡ್ಲಾ, ಅಳ್ಲಾ?"

"ಈಗ ಹೇಗಿದ್ದಾಳೆ?"

"ಹೇಗಿರ್ತಾಳೆ! ನನ್ನ ಜೊತೆ ಮಾತು ಬಿಟ್ಟಿದ್ಲು. ಚಿಕ್ಕಿನ ಒಬ್ಬಳನ್ನೇ ಕಳಿಸಿಬಿಟ್ವಲ್ಲ ಅಂತ ಒಂದೇ ಸಮ ಅಳು. ನೀನು ಕೊಟ್ಟ ಕೋಟು ಹಾಕ್ಕೊಂಡು, ನಮ್ಮೂರ ಸೆಕೆಯಲ್ಲಿ, ಬೆವರು ಸುರಿಸ್ಕೊಂಡು ಕೂತಿರ್ತಾಳೆ. ಬಿಚ್ಚು ಅಂದ್ರೆ ಬಿಚ್ಚಲ್ಲ."

ಚಿಕ್ಕಿ ಪುಟ್ಟಿಗೆಂದು ಹಾಕಿಸಿದ್ದ ಮಂಚದ ಅಂಚಿನಲ್ಲಿ ಕೂತಳು. ಮಗಳಿಗೆ ತಾನು ಬೇಡವೆಂದು ಒಂದೇ ಏಟಿಗೆ ತೀರ್ಮಾನಿಸಿಬಿಟ್ಟಿದ್ದಳು. ಬೇಕೆಂಬುದೂ ಬೇಡವೆಂಬುದೂ ಒಂದೇ ಎದೆಯಲ್ಲಿ ಇರಬಹುದೆಂದು ಆ ಸಾಲಿನಲ್ಲಿ ನಿಂತಾಗ ಹೊಳೆದಿರಲಿಲ್ಲ.

"ನಾನು ತಪ್ಪು ಮಾಡಿದ್ನಾ ಅಕ್ಕ?"

ಆ ಕಡೆಯಿಂದ ಅಕ್ಕ ಮೂಗು ಒರೆಸಿಕೊಳ್ಳುವ ಸದ್ದು, ಭಾವನ ಅಂಗಡಿಯಲ್ಲಿ ಯಾವುದೋ ಮೋಟಾರು ತಿರುಗಿ ನಿಂತ ಸದ್ದು ಕೇಳಿಸಿತು.

"ಊಟ ಆಯ್ತಾ?" ಎಂದಳು ಅಕ್ಕ.

"ಇನ್ನೂ ಇಲ್ಲ."

"ಮೊದಲು ಊಟ ಮಾಡು. ಫೋನು ಇಡಬೇಡ. ಹಾಗೇ ಪಕ್ಕದಲ್ಲಿಟ್ಕೊಂಡು ಮಾಡು, ನಾನಿರ್ತೀನಿ."

ಚಿಕ್ಕಿ ಎದ್ದು ಒಲೆ ಹಚ್ಚಿದಳು.